ನೆಲದಡಿಯ ಕೆಲಸ

ವೃತ್ತಿಯಿಂದ ನಾನು ಇಂಜಿನಿಯರ. ನೆರೆಹೊರೆಯವರ ಒತ್ತಾಯಕ್ಕೆ ಕಟ್ಟುಬಿದ್ದು ಐದು ವರ್ಷ ನಗರಪಾಲಿಕೆಯ ಸದಸ್ಯನೂ ಆಗಿದ್ದೆ. "ಅಳತೆಪಟ್ಟಿ ಹಿಡಿದವನಿಗೆ ರಾಜಕಾರಣದ ಗೊಡವೆ ಏಕೆ?" ಎಂದು ಹಲವರು ಕೇಳುತ್ತಿದ್ದರು. ಆ ಪ್ರಶ್ನೆಗೆ ಉತ್ತರ ದೊರೆತದ್ದು ಒಂದು ಚಾಳಿನ ಮಕ್ಕಳಿಂದ.

ಕನ್ನಡ, ಮರಾಠಿ, ತೆಲುಗು ಮಾತಾಡುವ ಬಡ ಕುಟುಂಬಗಳು ಅಲ್ಲಿ ಒತ್ತೊತ್ತಾಗಿ ವಾಸವಾಗಿದ್ದವು. ಮಳೆಗಾಲ ಬಂತೆಂದರೆ ಮಕ್ಕಳಿಗೆ ವಾಂತಿಭೇದಿ ತಪ್ಪುತ್ತಿರಲಿಲ್ಲ. ಕೆಲವರು ಹವೆಯನ್ನು ದೂರಿದರು, ಕೆಲವರು ಬೀದಿಯ ತಿಂಡಿಯನ್ನು ದೂರಿದರು. ನಾನು ನಳಕ್ಕೆ ನೀರು ತರುವ ಕೊಳವೆಯ ಜಾಡು ಹಿಡಿದು ನಡೆದೆ. ಅದು ತೆರೆದ ಗಟಾರದೊಳಗಿಂದಲೇ ಹಾದುಬರುತ್ತಿತ್ತು. ಅಲ್ಲಲ್ಲಿ ತುಕ್ಕು ಹಿಡಿದು ತೂತಾಗಿತ್ತು.

ನೀರು ರಭಸದಿಂದ ಹರಿಯುವಾಗ ಇಂಥ ತೂತಿನಿಂದ ಹೊರಕ್ಕೆ ಚಿಮ್ಮುತ್ತದೆ. ಸರಬರಾಜು ನಿಂತು ಒತ್ತಡ ಇಳಿದಾಗ ಅದೇ ತೂತು ಗಟಾರದ ಕೊಳಕನ್ನು ಒಳಕ್ಕೆ ಸೆಳೆದುಕೊಳ್ಳುತ್ತದೆ. ದಿನಕ್ಕೆ ಕೆಲವೇ ಗಂಟೆ ನೀರು ಬರುವ ಊರುಗಳಲ್ಲಿ ಈ ಅಪಾಯ ನಿತ್ಯದ್ದು. ಚಾಳಿನ ಕೊನೆಯ ನಳದ ನೀರನ್ನು ಪರೀಕ್ಷಿಸಿದೆ. ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಕ್ಲೋರಿನ್ ಉಳಿದಿರಬೇಕು. ದ್ರಾವಣ ಬೆರೆಸಿದಾಗ ಮೂಡಬೇಕಾದ ಹಳದಿ ಬಣ್ಣ ಮೂಡಲೇ ಇಲ್ಲ.

ಇಷ್ಟನ್ನು ಕಂಡುಹಿಡಿಯಲು ಇಂಜಿನಿಯರನ ವಿದ್ಯೆ ಸಾಕಾಯಿತು. ಕೊಳವೆಯನ್ನು ಬದಲಿಸಲು ಅದು ಸಾಲದು. ಆ ವರ್ಷದ ಹಣದಲ್ಲಿ ರಸ್ತೆಯ ಬಾಯಲ್ಲಿ ದೊಡ್ಡ ಕಮಾನು ಕಟ್ಟಿಸಬೇಕೆಂದು ನನ್ನ ಗೆಳೆಯರು ನಿಶ್ಚಯಿಸಿದ್ದರು. ಅವರಲ್ಲಿ ಹಿರಿಯರೊಬ್ಬರು, "ರಾಯರೇ, ಕಮಾನು ಹತ್ತು ಜನರ ಕಣ್ಣಿಗೆ ಬೀಳುತ್ತದೆ. ನೆಲದಡಿಯ ಕೊಳವೆಗೆ ಮತ ಹಾಕುವವರು ಯಾರು?" ಎಂದರು. ಅವರ ಮಾತಿನಲ್ಲಿ ಸುಳ್ಳೇನೂ ಇರಲಿಲ್ಲ. ಆದರೂ ಹಣ ಕೊಳವೆಗೇ ಸಂದಿತು. ಕೆಲಸ ಮುಗಿಯುವವರೆಗೆ ನಾವು ಮನೆಮನೆಗೆ ಹೋಗಿ, ನೀರನ್ನು ಕುದಿಸಿರೆಂದೂ, ಭೇದಿಯಾದ ಮಗುವಿಗೆ ಒಂದು ಲೀಟರ್ ಕಾಯಿಸಿ ಆರಿಸಿದ ನೀರಿನಲ್ಲಿ ಆರು ಚಹಾಚಮಚ ಸಕ್ಕರೆ, ಅರ್ಧ ಚಹಾಚಮಚ ಉಪ್ಪು ಕರಗಿಸಿ ಗುಟುಕುಗುಟುಕಾಗಿ ಕುಡಿಸುತ್ತ, ತಡಮಾಡದೆ ವೈದ್ಯರಲ್ಲಿಗೆ ಕರೆದೊಯ್ಯಿರೆಂದೂ ತಾಯಂದಿರಿಗೆ ತಿಳಿಸಿದೆವು. ಮರುವರ್ಷದ ಮಳೆಗಾಲದಲ್ಲಿ ಆ ಚಾಳಿನಿಂದ ಆಸ್ಪತ್ರೆಗೆ ಹೋದ ಮಕ್ಕಳು ವಿರಳ. ಅದರ ಮುಂದಿನ ಚುನಾವಣೆಯಲ್ಲಿ ನಾನು ಸೋತೆ.

ಇದು ಹೊಸ ಕಥೆಯಲ್ಲ. 1854ರಲ್ಲಿ ಲಂಡನ್ನಿನ ಬ್ರಾಡ್ ಸ್ಟ್ರೀಟಿನಲ್ಲಿ ಕಾಲರಾ ಹರಡಿದಾಗ, ಒಂದು ಬಾವಿಯ ನೀರೇ ಅದಕ್ಕೆ ಮೂಲವೆಂದು ವೈದ್ಯ ಜಾನ್ ಸ್ನೋ ತರ್ಕಿಸಿದನು. ಆ ಬಾವಿಯ ಪಂಪಿನ ಹಿಡಿಕೆಯನ್ನು ತೆಗೆಸುವ ಅಧಿಕಾರ ಮಾತ್ರ ಸ್ಥಳೀಯ ಮಂಡಲಿಯ ಕೈಯಲ್ಲಿತ್ತು. ಸ್ನೋನ ವಾದವನ್ನು ಕೇಳಿ ಅದು ಹಿಡಿಕೆಯನ್ನು ತೆಗೆಸಿತು. ಮುಂದೆ ಆ ಮಹಾನಗರದ ಒಳಚರಂಡಿಗಳನ್ನು ಕಟ್ಟಿದವನು ಬ್ಯಾಜಲ್ಗೆಟ್ ಎಂಬ ಇಂಜಿನಿಯರ. ಅರಿವು, ಅಧಿಕಾರ, ಕೌಶಲ ಈ ಮೂರೂ ಕೂಡಿದಲ್ಲಿ ಮಾತ್ರ ಮಗುವಿನ ಲೋಟಕ್ಕೆ ಶುದ್ಧ ನೀರು ಬರುತ್ತದೆ.

ವಿದ್ಯಾರ್ಥಿಮಿತ್ರರೇ, ನಾಳೆ ನಿಮ್ಮಲ್ಲಿ ಕೆಲವರು ಇಂಜಿನಿಯರರಾಗುವಿರಿ, ಕೆಲವರು ಜನಪ್ರತಿನಿಧಿಗಳಾಗುವಿರಿ. ಮತದಾರರಂತೂ ಎಲ್ಲರೂ ಆಗುವಿರಿ. ಮತ ಕೇಳಲು ಬಂದವರನ್ನು, "ನಮ್ಮ ನಳದ ನೀರು ಯಾವ ಹಾದಿಯಿಂದ ಬರುತ್ತದೆ?" ಎಂದು ಒಮ್ಮೆ ಕೇಳಿರಿ. ಆಗ ನೆಲದಡಿಯ ಕೊಳವೆಗೂ ಮತ ಬಿದ್ದೀತು.