ಅಜ್ಜನ ಪತ್ರಗಳೂ ಅಂತರಜಾಲದ ನಿಘಂಟುಗಳೂ

ಧಾರವಾಡ

ಚಿ. ಪುಟ್ಟಿ,

ನಿಮ್ಮಜ್ಜ ನಿನ್ನ ಅಪ್ಪನ ಹಾಸ್ಟೆಲಿಗೆ ಬರೆದ ಪತ್ರಗಳನ್ನು ನೀನು ಇಂಗ್ಲಿಷಿಗೆ ತರುತ್ತಿದ್ದೀಯಂತೆ. ಅಣ್ಣ ಹೇಳಿದಾಗಿನಿಂದ ನನಗೆ ಅದೇ ಧ್ಯಾನ. ಸ್ಟುಟ್‌ಗಾರ್ಟಿನಲ್ಲಿ ಬೆಳೆಯುವ ನಿನ್ನ ಮಕ್ಕಳಿಗೆ ಮುತ್ತಜ್ಜನ ಮಾತು ತಲುಪುತ್ತದೆ ಎಂದರೆ ನನಗೆ ಎಷ್ಟು ಸಂತೋಷ ಗೊತ್ತೇ? ಆನ್‌ಲೈನ್ ನಿಘಂಟಿನಲ್ಲಿ ಅರ್ಧ ಪದಗಳು ಸಿಗುವುದೇ ಇಲ್ಲ ಎಂದು ಬರೆದಿದ್ದೀ. ಹೆಚ್ಚಿನವು ಅಲ್ಲೇ ಇವೆ ಪುಟ್ಟಿ. ಅಜ್ಜ ಬರೆದದ್ದು ಧಾರವಾಡದ ಬಾಯಿಮಾತು, ನಿಘಂಟಿಗೆ ಬೇಕಾದದ್ದು ಪುಸ್ತಕದ ರೂಪ.

ನೀನು ಫೋಟೋ ಕಳಿಸಿದ ಸಾಲನ್ನೇ ನೋಡು: ‘ಎರಿ ಹೊಲಕ್ಕ ಕುಂಟಿ ಹೊಡದೇವಿ, ಮಳಿ ಕೈಕೊಟ್ಟೈತಿ.’ ನಮ್ಮ ಕಡೆ ಪದದ ಕೊನೆಯ ಎಕಾರ ಇಕಾರವಾಗುತ್ತದೆ. ಮನೆ ಮನಿ, ಮಳೆ ಮಳಿ. ಹಾಗಾಗಿ ಹುಡುಕುವ ಮುಂಚೆ ಇಕಾರವನ್ನು ತಿರುಗಿ ಎಕಾರ ಮಾಡಿಕೋ. ಕುಂಟಿ ಎಂದೇ ಹುಡುಕಿದರೆ ಕಾಲು ಎಳೆಯುವ ಹೆಂಗಸು ಎದುರಾದಾಳು. ಕುಂಟೆ ಎಂದು ಹುಡುಕು, ಎತ್ತು ಹೂಡಿ ಹೊಲ ಹಸನು ಮಾಡುವ ಸಾಧನ ಸಿಗುತ್ತದೆ. ಕ್ರಿಯಾಪದವಾದರೆ ಅದರ ಧಾತು ಹುಡುಕಬೇಕು. ‘ಹೊಡದೇವಿ’ ಇರುವುದು ಹೊಡೆ ಎಂಬಲ್ಲಿ. ‘ಬರಾಕತ್ತೇನಿ’ ಯಾವ ಕೋಶದಲ್ಲೂ ಇರಲಾರದು. ಬರು, ಹತ್ತು ಎಂದು ಬಿಡಿಸಿಕೊಂಡರೆ ಎರಡೂ ಇವೆ.

ಎರೆಗೆ ಬಂದರೆ ಅರ್ಥಗಳ ಸಾಲೇ ತೆರೆಯುತ್ತದೆ: ನೀರು ಎರೆಯುವುದು, ಗಾಳದ ಎರೆ, ಕಪ್ಪು ಮಣ್ಣು. ಆಗ ಪದದ ಪಕ್ಕದಲ್ಲಿರುವ ನಾಮಪದ, ಕ್ರಿಯಾಪದ ಎಂಬ ಗುರುತನ್ನು ದಯವಿಟ್ಟು ಓದು. ಮುಂದೆ ‘ಹೊಲ’ ಇರುವುದರಿಂದ ನಿನಗೆ ಬೇಕಾದದ್ದು ಕಪ್ಪು ಮಣ್ಣು. ‘ಕೈಕೊಡು’ ಇನ್ನೂ ಕಷ್ಟದ್ದು. ನೆರವಾಗುವುದಕ್ಕೂ ಅದೇ ಮಾತು, ನಂಬಿಸಿ ಕೈಬಿಡುವುದಕ್ಕೂ ಅದೇ. ಮೊದಲು ಕಂಡ ಅರ್ಥವನ್ನೇ ಎತ್ತಿಕೊಂಡರೆ ಅಜ್ಜನ ಬರಗಾಲ ಸುಗ್ಗಿಯಾಗಿಬಿಡುತ್ತದೆ. ಸಾಲನ್ನಿಡೀ ಅನುವಾದ ಯಂತ್ರಕ್ಕೆ ಕೊಡಬೇಡ ಎಂದು ನಾನು ಹೇಳುವುದು ಇದಕ್ಕೇ. ಯಂತ್ರ ತಾನೇ ಒಂದು ಅರ್ಥ ಆರಿಸಿ ವಾಕ್ಯ ಮುಗಿಸುತ್ತದೆ, ಬಿಟ್ಟ ಅರ್ಥಗಳು ನಿನ್ನ ಕಣ್ಣಿಗೇ ಬೀಳುವುದಿಲ್ಲ. ನಿಘಂಟು ಎಲ್ಲವನ್ನೂ ಮುಂದಿಟ್ಟು ನಿನಗೆ ಬಿಡುತ್ತದೆ.

ನಾನು ಮೊದಲು ತೆರೆಯುವುದು ‘ಅಲರ್’. ವಿ. ಕೃಷ್ಣ ಅವರು ನಾಲ್ಕು ದಶಕಕ್ಕೂ ಹೆಚ್ಚು ಕಾಲ ಒಬ್ಬರೇ ಕೂತು ಕಟ್ಟಿದ ಕನ್ನಡ–ಇಂಗ್ಲಿಷ್ ಕೋಶ ಅದು. 1,50,000ಕ್ಕೂ ಹೆಚ್ಚು ಪದಗಳಿವೆ. 2019ರಲ್ಲಿ ಕೈಲಾಶ್ ನಾಧ್ ಅದನ್ನು ಅಂತರಜಾಲಕ್ಕೆ ತಂದರು, ಯಾರು ಬೇಕಾದರೂ ಉಚಿತವಾಗಿ ಬಳಸುವಂತೆ. ಒಬ್ಬ ಮನುಷ್ಯನ ಇಡೀ ಆಯುಷ್ಯದ ದುಡಿಮೆ ನಮ್ಮ ಫೋನಿನಲ್ಲಿ ಇದೆಯಲ್ಲ ಎಂದು ನಾನು ಇಂದಿಗೂ ಮನಸ್ಸಿನಲ್ಲೇ ಕೈ ಮುಗಿಯುತ್ತೇನೆ.

ಅಲ್ಲಿ ಸಿಗದಿದ್ದರೆ ಕಿಟೆಲ್ ಅವರ ಕೋಶ. 1894ರಲ್ಲಿ ಮಂಗಳೂರಿನ ಬಾಸೆಲ್ ಮಿಷನ್ ಅಚ್ಚುಹಾಕಿದ ಕೋಶದ ಪುಟಗಳು ಸ್ಕ್ಯಾನ್ ಆಗಿ ಅಂತರಜಾಲದಲ್ಲಿವೆ. ಕೆಲವು ಪದಗಳ ಮುಂದೆ ಕಿಟೆಲ್ ‘ದಕ್ಷಿಣ ಮರಾಠಾ ಸೀಮೆ’ ಎಂದು ಗುರುತು ಹಾಕಿದ್ದಾರೆ. ಅದು ಬೇರೆ ಎಲ್ಲೂ ಅಲ್ಲ, ಆಗಿನವರು ನಮ್ಮ ಈ ಭಾಗವನ್ನು ಕರೆಯುತ್ತಿದ್ದ ಹೆಸರು. ಬೆಂಗಳೂರಿನ ಗೆಳತಿಯರಿಗೆ ಗೊತ್ತಿಲ್ಲದ ಅಜ್ಜನ ಪದ ಅಲ್ಲಿ ಸಿಕ್ಕರೆ ನನಗೆ ಆಗುವ ಹಿಗ್ಗು ಹೇಳತೀರದು. ಕಿಟೆಲ್ ತೀರಿಕೊಂಡದ್ದು 1903ರಲ್ಲಿ, ನಿಮ್ಮ ಹತ್ತಿರದ ಟ್ಯೂಬಿಂಗನ್‌ನಲ್ಲಿ. ಒಂದು ಭಾನುವಾರ ಮಕ್ಕಳನ್ನು ಅಲ್ಲಿಗೆ ಕರೆದುಕೊಂಡು ಹೋಗು.

ಇನ್ನು ‘ನಿಮ್ಮವ್ವಗ ಸ್ವಲ್ಪ ಆರಾಮ ಇಲ್ಲ, ಚಿಂತಿ ಮಾಡಬ್ಯಾಡ, ಪರೀಕ್ಷಾ ಮುಗಿಸಿಕೊಂಡ ಬಾ’ ಎಂಬ ಪತ್ರ. ಆರಾಮ ಎಂಬಲ್ಲಿ ಉದ್ಯಾನವನವೂ ಸಿಗುತ್ತದೆ, ವಿಶ್ರಾಂತಿಯೂ ಸಿಗುತ್ತದೆ. ನಮ್ಮಲ್ಲಿ ಆರಾಮ ಇಲ್ಲ ಎಂದರೆ ಮೈಯಲ್ಲಿ ಹುಷಾರಿಲ್ಲ. ಅಷ್ಟು ನಿನಗೂ ಗೊತ್ತು. ನಿನಗೆ ಗೊತ್ತಿಲ್ಲದ್ದು, ನಮ್ಮಪ್ಪ ಅದನ್ನು ಬರೆಯುವ ಹೊತ್ತಿಗೆ ಅವ್ವ ಆಸ್ಪತ್ರೆ ಸೇರಿ ಎಂಟು ದಿನವಾಗಿತ್ತು. ನಾನು ಚಿಕ್ಕವಳು, ಕಾಟಿನ ಪಕ್ಕ ಕೂತಿದ್ದೆ. ಮಗನ ಪರೀಕ್ಷೆ ಕೆಡಬಾರದೆಂದು ಅಪ್ಪ ಬೇಕೆಂದೇ ‘ಸ್ವಲ್ಪ’ ಎಂದು ಬರೆದರು. ಈಗ ನಿಜ ತಿಳಿಯಿತೆಂದು ಅನುವಾದದಲ್ಲಿ ಕಾಯಿಲೆಯನ್ನು ದೊಡ್ಡದು ಮಾಡಬೇಡ. ಇಂಗ್ಲಿಷಿನಲ್ಲೂ ಅಷ್ಟೇ ಸಣ್ಣ ಮಾತು ಹುಡುಕು. ನಿಜವನ್ನು ಮಕ್ಕಳಿಗೆ ಬಾಯಲ್ಲಿ ಹೇಳು.

ಅಲರ್, ಕಿಟೆಲ್ ಎರಡರಲ್ಲೂ ಸಿಗದ ಪದಗಳನ್ನು ಗುಡ್ಡೆ ಹಾಕಿಟ್ಟು ಕಳಿಸು, ಸಾಲಿನ ಸಮೇತ. ಬರೀ ಪದ ಕಳಿಸಿದರೆ ನನಗೂ ಹೊಳೆಯದು. ಬಾವಿ ತೋಡಿಸಿದ ವರ್ಷದ ಪತ್ರಗಳನ್ನು ಮಾತ್ರ ನಾನಿಲ್ಲದೆ ಶುರು ಮಾಡಬೇಡ. ಅದರಲ್ಲಿ ಬರುವ ಕೆಲಸದವರ ಮಾತುಗಳನ್ನು ಕಿವಿಯಾರೆ ಕೇಳಿದವಳು ಈಗ ನಾನೊಬ್ಬಳೇ. ಶನಿವಾರ ರಾತ್ರಿ ಫೋನ್ ಮಾಡು, ಜೊತೆಗೇ ಓದೋಣ.

ನಿನ್ನ ಅತ್ತಿ