ಒಂದು ಹಲ್ಲು

ನಮ್ಮನೆಗೆ ಟಾರ್ ರಸ್ತೆಯಿಂದ ಮೂರು ಕಿಲೋಮೀಟರ್ ಒಳಗೆ ಹೋಗಬೇಕು. ಮೊದಲ ಎರಡು ಏನೂ ಅಲ್ಲ, ಗದ್ದೆ ಬದಿಯ ಮಣ್ಣು ರಸ್ತೆ. ಕೊನೆಯದು ಚಡಾವು. ಹೊಸನಗರ ತಾಲೂಕಿನ ಮಳೆ ನೋಡಿದವರಿಗೆ ಆ ಚಡಾವು ಜುಲೈ ತಿಂಗಳಲ್ಲಿ ಹೇಗಿರುತ್ತೆ ಅಂತ ಹೇಳಬೇಕಿಲ್ಲ. ನೋಡದವರಿಗೆ ಹೇಳಿ ಪ್ರಯೋಜನ ಇಲ್ಲ.

ಆ ಚಡಾವಿಗೋಸ್ಕರವೇ 2012ರಲ್ಲಿ ಅಪ್ಪನಿಗೆ ಹೀರೋ ಇಂಪಲ್ಸ್ ಕೊಡಿಸಿದ್ದೆ. 149 ಸಿಸಿಯ ಒಂಟಿ ಸಿಲಿಂಡರ್ ಎಂಜಿನ್, ಎತ್ತರದ ಸೀಟು, ಮೇಲಕ್ಕೆತ್ತಿ ಕಟ್ಟಿದ ಸೈಲೆನ್ಸರ್. ಟಾರ್ ರಸ್ತೆಗೂ ಸೈ, ಕಲ್ಲುಮಣ್ಣಿಗೂ ಸೈ. ಅರವತ್ತು ದಾಟಿದ ಅಪ್ಪ ಪಂಚೆ ಎತ್ತಿ ಕಟ್ಟಿ ಅದನ್ನು ಹತ್ತುವುದು ನೋಡಿ ಊರವರು ನಕ್ಕಿದ್ದರು. ಆಮೇಲೆ ಮಳೆಗಾಲ ಬಂತು, ನಗು ನಿಂತಿತು. ಜೀಪು ಹೂತುಹೋಗುವ ದಿನವೂ ಅಪ್ಪ ಪೇಟೆಗೆ ಹೋಗಿ ಬರುತ್ತಿದ್ದರು.

2016ರ ಜೂನ್ ಮಧ್ಯದಲ್ಲಿ ಊರಿಗೆ ಹೋದಾಗ ಗಾಡಿ ಸ್ಟಾರ್ಟ್ ಮಾಡಿದರೆ ತಲೆಯೊಳಗಿಂದ ಕರಕರ ಸದ್ದು. ತಣ್ಣಗಿದ್ದಾಗ ಜಾಸ್ತಿ, ಬಿಸಿಯಾದ ಮೇಲೆ ಸ್ವಲ್ಪ ಕಮ್ಮಿ. ಮೀಟರ್ ನಲವತ್ತೊಂದು ಸಾವಿರ ದಾಟಿತ್ತು. ಕ್ಯಾಮ್ ಚೈನು ಸವೆದು ಉದ್ದವಾಗಿದೆ ಅಂತ ನಾನು ಅಲ್ಲೇ ತೀರ್ಪು ಕೊಟ್ಟೆ. ತೀರ್ಪು ಸರಿಯಾಗಿಯೇ ಇತ್ತು, ಅದನ್ನಾದರೂ ಹೇಳಿಕೊಳ್ಳಬೇಕಲ್ಲ.

"ಪೇಟೆಯಲ್ಲಿ ಮೆಕ್ಯಾನಿಕ್ ಇದಾನೆ, ಕೊಟ್ರೆ ಎರಡು ದಿನದಲ್ಲಿ ಮಾಡ್ತಾನೆ" ಅಂದರು ಅಪ್ಪ.

"ನಾನೇ ಮಾಡ್ತೀನಿ" ಅಂದೆ.

ಬೆಂಗಳೂರಲ್ಲಿ ನನ್ನ ಹಳೇ ಬೈಕು ಬಿಚ್ಚಿ ಜೋಡಿಸಿ ಅಭ್ಯಾಸವಾಗಿತ್ತು. ಆಫೀಸಿನಲ್ಲಿ ಇಡೀ ದಿನ ಕೂತು ಮಾಡುವ ಕೆಲಸ ಯಾವುದನ್ನೂ ಅಪ್ಪನಿಗೆ ತೋರಿಸಲು ಬರುವುದಿಲ್ಲ. ಇದನ್ನು ತೋರಿಸಬಹುದಿತ್ತು. ಮುಂದಿನ ವಾರವೇ ಜೆ.ಸಿ. ರಸ್ತೆಯಿಂದ ಹೊಸ ಚೈನು, ಟೆನ್ಷನರ್, ಫ್ಲೈವೀಲ್ ಎಳೆಯುವ ಪುಲ್ಲರ್ ಎಲ್ಲ ತಗೊಂಡು ರಾತ್ರಿ ಬಸ್ಸು ಹತ್ತಿದೆ.

ಈ ಕ್ಯಾಮ್ ಟೈಮಿಂಗ್ ಅಂದರೆ ಇಷ್ಟು. ಎಂಜಿನ್ನಿನ ತಳದಲ್ಲಿ ಕ್ರ್ಯಾಂಕ್, ತಲೆಯಲ್ಲಿ ಕ್ಯಾಮ್. ನಡುವೆ ಸೈಕಲ್ ಚೈನಿಗಿಂತ ಸಣ್ಣ ಚೈನೊಂದು ಎರಡನ್ನೂ ಕಟ್ಟಿಹಾಕಿರುತ್ತೆ. ಕ್ರ್ಯಾಂಕ್ ಎರಡು ಸುತ್ತು ಬಂದರೆ ಕ್ಯಾಮ್ ಒಂದು ಸುತ್ತು. ಪೆಟ್ರೋಲು-ಗಾಳಿ ಒಳಗೆ ಬರುವ ಬಾಗಿಲು ಯಾವಾಗ ತೆರೀಬೇಕು, ಹೊಗೆ ಹೋಗುವ ಬಾಗಿಲು ಯಾವಾಗ ಮುಚ್ಚಬೇಕು ಅಂತ ಹೇಳುವುದು ಕ್ಯಾಮ್. ಚೈನನ್ನು ಸ್ಪ್ರಾಕೆಟ್ ಮೇಲೆ ಕೂರಿಸುವಾಗ ಒಂದೇ ಒಂದು ಹಲ್ಲು ಆಚೀಚೆ ಆದರೂ ಕ್ಯಾಮ್ ಲೆಕ್ಕದಲ್ಲಿ ಹತ್ತು-ಹನ್ನೆರಡು ಡಿಗ್ರಿ ತಪ್ಪುತ್ತೆ, ಕ್ರ್ಯಾಂಕ್ ಲೆಕ್ಕದಲ್ಲಿ ಅದರ ಎರಡರಷ್ಟು. ಎರಡು-ಮೂರು ಹಲ್ಲು ತಪ್ಪಿದರೆ ಪಿಸ್ಟನ್ ಹೋಗಿ ವಾಲ್ವಿಗೆ ಗುದ್ದುವ ಸಂಭವವೂ ಇದೆ. ಒಂದು ಹಲ್ಲಿಗೆ ಸಾಮಾನ್ಯವಾಗಿ ಅಂಥದ್ದೇನೂ ಆಗಲ್ಲ. ಗಾಡಿ ಓಡುತ್ತೆ. ಓಡುವುದೇ ತೊಂದರೆ.

ತಪ್ಪಬಾರದು ಅಂತಲೇ ಗುರುತುಗಳಿರುತ್ತವೆ. ಫ್ಲೈವೀಲ್ ಮೇಲೆ ಇಂಗ್ಲಿಷಿನ ಟೀ ಅಕ್ಷರ, ಅದರ ಪಕ್ಕ ಗೀಟು. ಅದು ಕವರಿನ ಕಚ್ಚಿಗೆ ಸರಿಯಾಗಿ ಬಂದಾಗ ಪಿಸ್ಟನ್ ತುತ್ತತುದಿಯಲ್ಲಿದೆ ಅಂತ ಅರ್ಥ. ಆಗ ಮೇಲಿನ ಸ್ಪ್ರಾಕೆಟ್ಟಿನ ಗೀಟುಗಳು ಸಿಲಿಂಡರ್ ಹೆಡ್ಡಿನ ಅಂಚಿಗೆ ಸಮವಾಗಿರಬೇಕು. ನಾನು ಎರಡನ್ನೂ ಸಮ ಮಾಡಿದೆ, ಚೈನು ಕೂರಿಸಿದೆ, ಟೆನ್ಷನರ್ ಬಿಟ್ಟೆ. ಇದಾದ ಮೇಲೆ ಕ್ರ್ಯಾಂಕನ್ನು ಕೈಯಲ್ಲೇ ಎರಡು ಪೂರ್ತಿ ಸುತ್ತು ತಿರುಗಿಸಿ ಗುರುತು ಇನ್ನೊಮ್ಮೆ ನೋಡಬೇಕು. ಗೊತ್ತಿತ್ತು. ಆದರೆ ಮೋಡ ಕಟ್ಟಿ ಕೊಟ್ಟಿಗೆಯಲ್ಲಿ ಕತ್ತಲಾಗಿತ್ತು, ಅಮ್ಮ ಊಟಕ್ಕೆ ಮೂರನೇ ಸಲ ಕರೆದಿದ್ದಳು, ರಾತ್ರಿ ಬಸ್ಸಿತ್ತು. ಕವರು ಮುಚ್ಚಿದೆ.

ಸೆಲ್ಫ್ ಒತ್ತಿದರೆ ಸ್ವಲ್ಪ ಸತಾಯಿಸಿ ಸ್ಟಾರ್ಟ್ ಆಯಿತು. ಕರಕರ ಮಾಯ. ಟಾರ್ ರಸ್ತೆಯಲ್ಲಿ ನಗರದವರೆಗೆ ಹೋಗಿ ಬಂದೆ. ಎಪ್ಪತ್ತರಲ್ಲಿ ಗಾಡಿ ಬೆಣ್ಣೆಯಂಗೆ ಹೋಯಿತು. ವಾಪಸ್ಸು ಬಂದವನು ಚಡಾವಿನ ಬುಡದಲ್ಲೇ ಅಪ್ಪನ ಕೈಗೆ ಬೀಗದ ಕೈ ಕೊಟ್ಟು, ಬಸ್ಸಿಗೆ ಹೊತ್ತಾಯಿತು ಅಂತ ಪಕ್ಕದ ಮನೆಯ ಹುಡುಗನ ಜೊತೆ ಹೊರಟೆ. ಬೆಂಗಳೂರಲ್ಲಿ ಆಫೀಸಿನವರಿಗೆಲ್ಲ ಕತೆ ಹೇಳಿದ್ದೂ ಹೇಳಿದ್ದೇ.

ಹನ್ನೊಂದು ವಾರ ಫೋನಿನಲ್ಲಿ "ಗಾಡಿ ಹೆಂಗಿದೆ?" ಅಂತ ಕೇಳಿದಾಗಲೆಲ್ಲ ಅಪ್ಪನದು ಒಂದೇ ಉತ್ತರ. "ಸದ್ದೇ ಇಲ್ಲ ಮಾರಾಯ."

ಚೌತಿಗೆ ಹೋದಾಗ ಅಪ್ಪ ಟಾರ್ ರಸ್ತೆಗೆ ಬಂದು ಕಾಯುತ್ತಿದ್ದರು. ಹಿಂದೆ ಕೂತೆ. ಗದ್ದೆ ಬದಿ ದಾಟಿ ಚಡಾವಿನ ಬುಡಕ್ಕೆ ಬಂದ ಕೂಡಲೇ ಗಾಡಿ ನಿಲ್ಲಿಸಿ, "ಇಳಿ, ನೀ ನಡ್ಕಂಡು ಬಾ" ಅಂದರು. ರಸ್ತೆ ಕೆಟ್ಟಿರಬೇಕು ಅಂದುಕೊಂಡೆ. ಸ್ವಲ್ಪ ದೂರ ಹೋಗಿ ಅವರೂ ಇಳಿದರು. ಒಂದನೇ ಗೇರಿನಲ್ಲಿ ಅರ್ಧ ಕ್ಲಚ್ ಹಿಡಿದು, ಕುಂಟೆತ್ತನ್ನು ಹೊಡೆದುಕೊಂಡು ಹೋದಂಗೆ ಗಾಡಿಯ ಪಕ್ಕದಲ್ಲಿ ನಡೆಯತೊಡಗಿದರು. ಕ್ಲಚ್ ಪ್ಲೇಟ್ ಸುಟ್ಟ ವಾಸನೆ ಕೆಳಗಿದ್ದ ನನ್ನ ಮೂಗಿಗೇ ಬಡಿಯಿತು. ಅವರ ಕೈಕಾಲು ಆ ಕೆಲಸಕ್ಕೆ ಹೊಂದಿಕೊಂಡ ರೀತಿ ನೋಡಿದರೆ ಇದು ಇವತ್ತು ನಿನ್ನೆಯದಲ್ಲ.

"ಯಾವಾಗಿಂದ ಹಿಂಗೆ?"

"ನೀ ಹೋದಾಗಿಂದ."

"ಮತ್ತೆ ಹೇಳಿಲ್ಲ ಯಾಕೆ?"

"ಹೇಳಿದ್ರೆ ಫೋನಲ್ಲೇ ರಿಪೇರಿ ಮಾಡ್ತಿದ್ಯಾ?"

ಉಳಿದದ್ದು ಅಮ್ಮ ಹೇಳಿದಳು. ಅದು ಕೊಳೆರೋಗಕ್ಕೆ ಅಡಿಕೆ ತೋಟಕ್ಕೆ ಬೋರ್ಡೋ ಹೊಡೆಯುವ ಕಾಲ. ನೂರು ಲೀಟರ್ ನೀರಿಗೆ ಒಂದು ಕೆಜಿ ಮೈಲುತುತ್ತ, ಒಂದು ಕೆಜಿ ಸುಣ್ಣ. ತೋಟಕ್ಕೆಲ್ಲ ಆಗಬೇಕಾದರೆ ಚೀಲಗಟ್ಟಲೆ ಬೇಕು. ಮುಂಚೆ ಟ್ಯಾಂಕಿನ ಮೇಲೊಂದು, ಹಿಂದೊಂದು ಇಟ್ಟು ಏರಿಸುತ್ತಿದ್ದ ಚೀಲಗಳನ್ನು ಈ ಸಲ ಬುಡದ ಹಲಸಿನ ಮರದ ಹತ್ತಿರ ಇಳಿಸಿ, ಪ್ಲಾಸ್ಟಿಕ್ ಹೊದೆಸಿ, ಒಂದೊಂದಾಗಿ ಹೆಗಲ ಮೇಲೆ ಹೊತ್ತಿದ್ದರು. ಗ್ಯಾಸ್ ಸಿಲಿಂಡರ್ ಹಾಗೇ. ಮಂಡಿ ನೋವಿನ ಅಮ್ಮನನ್ನು ಡಾಕ್ಟರ ಹತ್ತಿರ ಕರಕೊಂಡು ಹೋಗಿ ಬಂದ ದಿನ ಮಳೆಯಲ್ಲಿ ಇಬ್ಬರೂ ಕೊಡೆ ಹಿಡಿದು ನಿಂತು ನಿಂತು ಹತ್ತಿದ್ದರಂತೆ.

"ಮೆಕ್ಯಾನಿಕ್ ಹತ್ರ ಆದ್ರೂ ಕೊಡಬಹುದಿತ್ತಲ್ಲ" ಅಂದೆ.

"ನಾನೂ ಅಂದೆ" ಅಂದಳು ಅಮ್ಮ. "ಅಲ್ಲಿ ಬಿಚ್ಚಿದ್ರೆ ಯಾರು ಜೋಡಿಸಿದ್ದು ಅಂತ ಕೇಳ್ತಾನೆ, ಮಗ ಅನ್ನಬೇಕಾಗುತ್ತೆ ಅಂದ್ರು."

ಆ ರಾತ್ರಿ ಸರಿಯಾಗಿ ನಿದ್ದೆ ಬರಲಿಲ್ಲ. ಅಟ್ಟದ ಮೇಲೆ ಮಲಗಿ ಚೈನನ್ನು ಮನಸ್ಸಿನಲ್ಲೇ ಹತ್ತು ಸಲ ಕೂರಿಸಿದೆ. ಎಲ್ಲಿ ತಪ್ಪಿತು ಅಂತ ಹೊಳೆದದ್ದು ಬೆಳಗಿನ ಜಾವ. ಚೈನಿಗೆ ಎರಡು ಬದಿ. ಒಂದು ಬದಿಯನ್ನು ಕ್ರ್ಯಾಂಕ್ ಎಳೆಯುತ್ತೆ, ಅದು ಬಿಗಿಯಾಗಿರಬೇಕು. ಸಡಿಲವೆಲ್ಲ ಇನ್ನೊಂದು ಬದಿಗೆ, ಟೆನ್ಷನರ್ ಇರುವ ಕಡೆಗೆ ಹೋಗಬೇಕು. ನಾನು ಎಳೆಯುವ ಬದಿಯಲ್ಲಿ ಸಡಿಲ ಬಿಟ್ಟೇ ಗುರುತು ಹೊಂದಿಸಿದ್ದೆ. ಗೀಟು ಸಮವಾಗೇ ಕಂಡಿರುತ್ತೆ. ಎಂಜಿನ್ ತಿರುಗಿದ ಕೂಡಲೇ ಕ್ರ್ಯಾಂಕ್ ಮೊದಲು ಆ ಸಡಿಲವನ್ನು ಎಳೆದುಕೊಂಡು, ಆಮೇಲೆ ಕ್ಯಾಮನ್ನು ತಿರುಗಿಸಿದೆ. ಕ್ಯಾಮ್ ಒಂದು ಹಲ್ಲು ತಡ.

ತಡವಾದರೆ ಗಾಳಿ ಒಳಬರುವ ವಾಲ್ವು ಮುಚ್ಚುವುದೂ ತಡ. ಪಿಸ್ಟನ್ ಮೇಲೆ ಬರುತ್ತಿದ್ದರೂ ಬಾಗಿಲು ತೆರೆದೇ ಇರುತ್ತೆ, ಒಳಗೆ ಬಂದದ್ದರಲ್ಲಿ ಒಂದಿಷ್ಟು ಬಂದ ದಾರಿಯಲ್ಲೇ ವಾಪಸ್ಸು ಹೋಗುತ್ತೆ. ಎಂಜಿನ್ ಜೋರಾಗಿ ತಿರುಗುವಾಗ ಗಾಳಿಗೆ ಅದರದೇ ರಭಸ ಇರುವುದರಿಂದ ಈ ಕೊರತೆ ಅಷ್ಟಾಗಿ ಗೊತ್ತಾಗಲ್ಲ. ನಿಧಾನ ತಿರುಗುವಾಗ, ಭಾರ ಹೊತ್ತಾಗ, ಏರಿನಲ್ಲಿ, ದಮ್ಮೇ ಇರಲ್ಲ. ನಾನು ಎಪ್ಪತ್ತರಲ್ಲಿ ಟಾರ್ ರಸ್ತೆ ಮೇಲೆ ಪರೀಕ್ಷೆ ಮಾಡಿದ್ದೆ. ಅಪ್ಪ ಆ ಗಾಡಿಯನ್ನು ಎಪ್ಪತ್ತರಲ್ಲಿ ಓಡಿಸಿದ್ದು ನಾನಂತೂ ಕಂಡಿಲ್ಲ.

ಬೆಳಗ್ಗೆ ಕಾಫಿ ಕುಡಿದವನೇ ಕೊಟ್ಟಿಗೆಗೆ ಹೋದೆ. ಹಬ್ಬದ ದಿನ ಕೈಗೆ ಆಯಿಲ್ ಮಾಡಿಕೊಳ್ಳುವುದು ಅಮ್ಮನಿಗೆ ಇಷ್ಟವಿರಲಿಲ್ಲ, ಆದರೂ ಏನೂ ಅನ್ನಲಿಲ್ಲ. ಅಪ್ಪ ಟಾರ್ಚ್ ಹಿಡಿದರು. ಸ್ಪಾರ್ಕ್ ಪ್ಲಗ್ ತೆಗೆದು ಟೀ ಗುರುತಿಗೆ ತಂದೆ. ಟ್ಯಾಪೆಟ್ ಎರಡೂ ಅಲ್ಲಾಡುತ್ತವಾ ನೋಡಿದೆ. ಅಲ್ಲಾಡಿದರೆ ಕಂಪ್ರೆಷನ್ ಕಡೆಯ ತುದಿ, ಇಲ್ಲದಿದ್ದರೆ ಇನ್ನೊಂದು ಸುತ್ತು ತಿರುಗಿಸಬೇಕು. ಅಲ್ಲಾಡಿದವು. ಸ್ಪ್ರಾಕೆಟ್ಟಿನ ಗೀಟು ಮಾತ್ರ ಅಂಚಿಗೆ ಸಮ ಇರಲಿಲ್ಲ. ಸುಮಾರು ಒಂದು ಹಲ್ಲಿನಷ್ಟು ಹಿಂದೆ.

"ಇದು ಸಮ ಇರಬೇಕಾ?" ಅಪ್ಪ ಬಗ್ಗಿ ನೋಡಿದರು.

"ಹ್ಞೂಂ."

"ಇಷ್ಟೇಯಾ?"

ಬೋಲ್ಟ್ ಕೆಳಗೆ ಬೀಳದಂತೆ ಚೈನಿನ ಗುಂಡಿಗೆ ಹಳೇ ಪಂಚೆ ತುಂಡು ತುರುಕಿದೆ, ಚೈನು ಜಾರದಂತೆ ತಂತಿ ಕಟ್ಟಿದೆ. ಟೆನ್ಷನರಿನ ಹಿಂದಿನ ಬೋಲ್ಟು ತೆಗೆದು ಒಳಗೆ ಸಣ್ಣ ಸ್ಕ್ರೂಡ್ರೈವರ್ ಹಾಕಿ ತಿರುಗಿಸಿದರೆ ಅದು ಹಿಂದೆ ಸರಿಯುತ್ತೆ, ಕೈ ಬಿಟ್ಟರೆ ಮತ್ತೆ ಚೈನಿನ ಮೇಲೆ ಒರಗುತ್ತೆ. ಆ ಸ್ಕ್ರೂಡ್ರೈವರನ್ನು ಅಪ್ಪನ ಕೈಗೇ ಕೊಟ್ಟೆ. ಅವರು ಉಸಿರು ಹಿಡಿದು ಕೂತರು. ಸ್ಪ್ರಾಕೆಟ್ ಬಿಡಿಸಿ, ಎಳೆಯುವ ಬದಿಯನ್ನು ಮೊದಲು ಬಿಗಿ ಹಿಡಿದು, ಒಂದು ಹಲ್ಲು ಮುಂದೆ ಕೂರಿಸಿ, ಬೋಲ್ಟ್ ಹಾಕಿ, "ಬಿಡಿ" ಅಂದೆ. ಕಿರ್ರ್ ಅಂತ ಒರಗಿತು.

ಕೈಯಲ್ಲಿ ಎರಡು ಸುತ್ತು. ಗೀಟು ಸಮ. ನನಗೆ ನಂಬಿಕೆ ಬರದೆ ಇನ್ನೆರಡು ಸುತ್ತು ತಿರುಗಿಸಿದೆ. ಆಮೇಲೆ ಅಪ್ಪನೂ ಒಮ್ಮೆ ತಿರುಗಿಸಿ ನೋಡಿದರು. ವಾಲ್ವಿನ ಸಂದಿಗೆ ಫೀಲರ್ ಗೇಜು ಹಾಕಿ ನೋಡುವಷ್ಟರಲ್ಲಿ ಪೂಜೆಗೆ ಕರೆ ಬಂತು. ಈ ಸಲ ಅವಸರ ಮಾಡಲಿಲ್ಲ, ಗಣಪತಿ ಕಾದ.

ಮಧ್ಯಾಹ್ನ ಊಟ ಆದ ಮೇಲೆ ಸುಮ್ಮನೆ ಮೂವರೂ ಚಡಾವಿನ ಬುಡದವರೆಗೆ ಹೋದೆವು. ಅಪ್ಪ-ಅಮ್ಮ ಗಾಡಿಯಲ್ಲಿ, ನಾನು ನಡೆದು. ಎರಡನೇ ಔಷಧಿಯಲ್ಲಿ ಉಳಿದ ಸುಣ್ಣದ ಚೀಲವೊಂದು ಹಲಸಿನ ಮರದಡಿ ಇನ್ನೂ ಇತ್ತು. ಅಪ್ಪ ಗಾಡಿ ತಿರುಗಿಸಿ, ಅಮ್ಮನನ್ನು ಹಿಂದೆ ಕೂರಿಸಿಕೊಂಡು, ಒಂದನೇ ಗೇರಿಗೆ ಹಾಕಿದರು. ನಾನು ಕೆಳಗೇ ನಿಂತು ಕೇಳಿದೆ. ಮೊದಲ ತಿರುವು, ಕಲ್ಲುಬಂಡೆ, ಎರಡನೇ ತಿರುವು. ಸದ್ದು ಎಲ್ಲೂ ನಿಲ್ಲಲಿಲ್ಲ. ಬಂಡೆ ದಾಟಿದ ಮೇಲೆ ಎರಡನೇ ಗೇರು ಬಿದ್ದದ್ದೂ ಕೇಳಿಸಿತು.

ಸುಣ್ಣದ ಚೀಲ ಹೆಗಲಿಗೆ ಹಾಕಿಕೊಂಡು ಹತ್ತಿದೆ. ಅರ್ಧ ಚೀಲ ಇದ್ದಿರಬಹುದು. ಮೂರು ಕಡೆ ಇಳಿಸಿ ನಿಲ್ಲಬೇಕಾಯಿತು.