ಅಟಲ್ ಸುರಂಗದ ಆಚೆ

ಚಳಿಗಾಲದ ರಜೆ ಬಂತೆಂದರೆ ದೆಹಲಿಯ ನಮ್ಮವರಿಗೆ ಹಿಮ ನೋಡುವ ಹಂಬಲ. 2020ರಲ್ಲಿ ಅಟಲ್ ಸುರಂಗ ತೆರೆದ ಮೇಲೆ ಮನಾಲಿಯಿಂದ ಲಾಹೌಲ್ ಕಣಿವೆಯ ಸಿಸ್ಸುವಿಗೆ ಸಂಸಾರಸಮೇತ ಹೋಗಿಬರುವುದು ಸುಲಭವಾಗಿದೆ. 9 ಕಿಲೋಮೀಟರ್ ಸುರಂಗ ದಾಟಿದೊಡನೆ ಚಂದ್ರಾ ನದಿಯ ಕಣಿವೆ, ಸುತ್ತಲೂ ಬೆಳ್ಳನೆಯ ಬೆಟ್ಟಗಳು. ಕಣ್ಣಿಗೆ ಹಬ್ಬ; ಕಾರಿನ ಚಕ್ರಗಳಿಗೆ ಮಾತ್ರ ಪರೀಕ್ಷೆ.

ಕಾಣುವ ಹಿಮಕ್ಕಿಂತ ಕಾಣದ ಮಂಜುಗಡ್ಡೆಯೇ ಹೆಚ್ಚು ಅಪಾಯಕರ. ಹಗಲು ಕರಗಿದ ನೀರು ರಾತ್ರಿ ಹೆಪ್ಪುಗಟ್ಟಿ, ನೆರಳಿನ ತಿರುವುಗಳಲ್ಲಿ ಬರಿಯ ಒದ್ದೆ ಡಾಂಬರಿನಂತೆ ತೋರುತ್ತದೆ. ಬಯಲುಸೀಮೆಯ ಟೈರಿನ ರಬ್ಬರು ಚಳಿಗೆ ಬಿರುಸಾಗಿ ಹಿಡಿತ ಕಳೆದುಕೊಳ್ಳುತ್ತದೆ. ಆದ್ದರಿಂದ ಹಿಮ ಕವಿದ ದಾರಿಯಲ್ಲಿ, ಎಂಜಿನ್ ತಿರುಗಿಸುವ ಚಕ್ರಗಳಿಗೆ ಸರಪಳಿ ಕಟ್ಟುವುದುಂಟು. ನಾಲ್ಕೂ ಚಕ್ರಗಳಿಗೆ ಎಂಜಿನ್ನಿನ ಬಲವಿರುವ ಜೀಪು ಏರು ಹತ್ತುವುದರಲ್ಲಿ ಗಟ್ಟಿಗ. ನಿಲ್ಲುವುದರಲ್ಲಿ ಉಳಿದ ಗಾಡಿಗಳಂತೆಯೇ. ಮಂಜುಗಡ್ಡೆಯ ಮೇಲೆ ಗಾಡಿ ನಿಲ್ಲಲು ಒಣರಸ್ತೆಯ ಹತ್ತು ಪಟ್ಟು ದೂರ ಬೇಕಾದೀತು.

ಇಳಿಜಾರಿನಲ್ಲಿ ಕೆಳಗಿನ ಗೇರಿನಲ್ಲಿಯೇ ನಿಧಾನವಾಗಿ ಇಳಿಯಬೇಕು. ಸ್ಟಿಯರಿಂಗನ್ನು ಥಟ್ಟನೆ ತಿರುಗಿಸಕೂಡದು. ಬ್ರೇಕನ್ನು ಮೆಲ್ಲಗೆ ಒತ್ತಬೇಕು. ಮುಂದಿನ ಗಾಡಿಗೆ ಬಹಳ ದೂರ ಬಿಡಬೇಕು. ಅಭ್ಯಾಸವಿಲ್ಲದವರು ಸ್ವಂತ ಕಾರನ್ನು ಮನಾಲಿಯಲ್ಲೇ ನಿಲ್ಲಿಸಿ, ಅಲ್ಲಿಯ ಚಾಲಕನ ಗಾಡಿಯಲ್ಲಿ ಹೋಗುವುದು ಒಳ್ಳೆಯದು. ಪೊಲೀಸರು ದಾರಿ ಮುಚ್ಚಿದ ದಿನ ಮಕ್ಕಳು ಹಟ ಮಾಡಿಯಾರು. ಆದರೂ ಹಿಂದಿರುಗುವುದೇ ಲೇಸು.